ಪೂಲಿನ ಹತ್ತಿರ ಇಳಿದವಳು

ದೆವ್ವ, ಗಾಳಿ, ಶಕುನ ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ನನ್ನನ್ನು ನಿಂಬೆಹಣ್ಣು ಇಳಿಸಿ ಒಗೆಯುವವರ ಸಾಲಿನಲ್ಲಿ ಕೂರಿಸಬಾರದು. ಗೋಕಾಕದಲ್ಲಿ ಹದಿನಾಲ್ಕು ವರ್ಷದಿಂದ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೇನೆ. ಡಿಪೊದ ಎದುರಿನ ಚಹಾದಂಗಡಿಯಲ್ಲಿ ಕೂತಾಗ ಡ್ರೈವರುಗಳು ಕಥೆ ಬಿಡುತ್ತಾರೆ. ಆ ತಿರುವಿನಲ್ಲಿ ಬಿಳಿ ಸೀರೆಯವಳು ಕೈ ಮಾಡುತ್ತಾಳಂತೆ, ಈ ಹಳ್ಳದಲ್ಲಿ ಬಸ್ಸು ತಾನಾಗಿಯೇ ನಿಲ್ಲುತ್ತದಂತೆ. "ಹತ್ತಿಸ್ಕೊಂಡ ಬರಬೇಕಿಲ್ರಿ ಆಕೀನ್ನ? ಹೆಣ್ಣಮಕ್ಕಳಿಗೆ ಟಿಕೀಟು ಪುಕ್ಕಟೆ ಐತಿ" ಎಂದು ನಾನು ನಗಾಡುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಎರಡನ್ನೂ ಬಲ್ಲೆ. ದಿನಕ್ಕೆ ನಾನೂರು ಮಂದಿಯನ್ನು "ಹಿಂದಕ್ಕ ಸರೀರಿ, ಹಿಂದ ಏನ ಹುಲಿ ಐತೇನು?" ಎಂದು ಗದರಿಸುವ ಹೆಂಗಸಿಗೆ ದೆವ್ವದ ಹೆದರಿಕೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತ ಹೋಗುವ ಮನುಷ್ಯರು ಜಾಗವನ್ನು ಮೊದಲು ಆರಿಸಿಕೊಳ್ಳುತ್ತಾರೋ, ಇಲ್ಲ ಮನುಷ್ಯರನ್ನು ಆರಿಸಿಕೊಂಡು ಅವರು ಸಿಕ್ಕಲ್ಲಿ ಕೈ ಎತ್ತುತ್ತಾರೋ? ನೀವು ಚಹಾ ಕುಡಿಯುತ್ತ ಪೇಪರಿನಲ್ಲಿ ಓದಿ, ಪುಟ ತಿರುವಿ ಮರೆಯುವಂಥ ಪ್ರಶ್ನೆ ಇದು. ನನಗೆ ಮಾತ್ರ ಎಷ್ಟೋ ದಿನ ಇದು ಊಟ-ನಿದ್ದೆಯ ಪ್ರಶ್ನೆಯಾಗಿತ್ತು. ಯಾಕೆ ಎಂದು ಹೇಳಬೇಕಾದರೆ ನಮ್ಮ ಅಕ್ಕನ ವಿಷಯ ಹೇಳಬೇಕು.

ಅಕ್ಕ ಗೌರವ್ವ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ತವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ನಾನು ಐದನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಂದಿನಿಂದ ನನ್ನ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಬೆನ್ನಿಗೊಂದು ಗುದ್ದಿ ಸಾಲಿಗೆ ಕಳಿಸಿದವಳು ಅಕ್ಕ. ತಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವಳು, ನನ್ನನ್ನು ಮಾತ್ರ ಕಾಲೇಜಿನವರೆಗೆ ದಬ್ಬಿದಳು. ಆಮೇಲೆ ಅವಳ ಮದುವೆಯಾಗಿ ಕುಲಗೋಡದ ಕಡೆಯ ಒಂದು ತೋಟದ ಮನೆ ಸೇರಿದಳು. ಅಪ್ಪನೂ ಹೋದ ಮೇಲೆ ಊರ ಮನೆ ಕಾಕಾನ ಪಾಲಾಯಿತು. ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಹಿಡಿದು ತವರಿಗೆ ಹೊರಡುತ್ತಿದ್ದರು. ನಾವಿಬ್ಬರು ಎಲ್ಲಿಗೆ ಹೋಗಬೇಕು? ಅವಳು ಬಂದರೆ ನಾನು ಡ್ಯೂಟಿಯ ಮೇಲೆ, ನಾನು ಹೋದರೆ ಅವಳು ಹೊಲದಲ್ಲಿ. ವರ್ಷಕ್ಕೆ ಎರಡು ಸಲ ಮುಖ ನೋಡಿದರೆ ದೊಡ್ಡದು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಆಗ ನನಗೆ ಗೋಕಾಕ-ಕುಲಗೋಡ ದಾರಿಯ ಡ್ಯೂಟಿ ಇತ್ತು. ಒಂದು ಗುರುವಾರ ಮುಂಜಾನೆ ಬುತ್ತಿಯ ಗಂಟು ಹಿಡಿದು ನನ್ನ ಬಸ್ಸು ಹತ್ತಿದಳು. "ಎಲ್ಲಿಗಿ ಹೊಂಟಿ?" ಎಂದರೆ, "ತವರಿಗಿ" ಅಂದಳು! ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಗೋಕಾಕದವರೆಗೆ ಬಂದಳು. ಬಸ್ಸು ನಿಂತಿದ್ದ ಅರ್ಧ ತಾಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಗಂಟು ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮತ್ತೊಂದು ಟ್ರಿಪ್ಪು ನನ್ನ ಜೊತೆಗೇ ಹೋಗಿ ಬಂದು, ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋದಳು. ಅಂದಿನಿಂದ ಪ್ರತಿ ಗುರುವಾರ ಹೀಗೇ. ಮನೆಯಿಂದ ಹೊರಡುವಾಗ ಗಂಡನಿಗೂ, ಅಂದರೆ ನಮ್ಮ ಮಾಮಾನಿಗೂ, "ತವರಿಗಿ ಹೋಗಿ ಬರ್ತೇನಿ" ಎಂದೇ ಹೇಳುತ್ತಿದ್ದಳಂತೆ.

ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ನನ್ನ ಪಕ್ಕ ಕೂರುವುದಿತ್ತು, ಅಷ್ಟೇ. ನಾನು ಟಿಕೆಟ್ ಕೊಟ್ಟು ಬರುವವರೆಗೆ ಸೀಟು ಹಿಡಿದಿರುತ್ತಿದ್ದಳು. ಬಂದು ಕೂತರೆ, "ಬಾರವಾ ಕಂಡಕ್ಟರಬಾಯಿ, ಎಷ್ಟ ಒದರತೀ, ಗಂಟಲಾ ಹರದೀತು" ಎಂದು ಸೆರಗಿನಿಂದ ನನ್ನ ಹಣೆ ಒರೆಸುತ್ತಿದ್ದಳು. ಬಸ್ಸು ತುಂಬ ಮಂದಿ ನೋಡುತ್ತಿದ್ದರೂ ನಾನು ಸುಮ್ಮನೆ ಒರೆಸಿಕೊಳ್ಳುತ್ತಿದ್ದೆ. ನನ್ನ ಜೀವನದಲ್ಲಿ ಆ ಗುರುವಾರಗಳಷ್ಟು ಸುಖದ ದಿನ ನಾನು ಕಂಡಿಲ್ಲ.

ಈಗ ಜಾಗದ ವಿಷಯ. ಅಕ್ಕನ ತೋಟಕ್ಕೆ ಇಳಿಯಬೇಕಾದ ಸ್ಟಾಪು ಬನ್ನಿಗಿಡ. ಒಂದು ಮುರುಕು ತಗಡಿನ ಶೆಡ್ಡು, ಒಂದು ಬನ್ನಿಯ ಮರ, ಅಷ್ಟೇ. ಅಲ್ಲಿಂದ ಎರಡೂ ಕಡೆ ಕಬ್ಬಿನ ಪಡ, ನಡುವೆ ಚಕ್ಕಡಿ ದಾರಿ. ಒಂದೂವರೆ ಕಿಲೋಮೀಟರು ನಡೆದರೆ ಅವಳ ಮನೆ. ಆದರೆ ಬಸ್ಸು ಬನ್ನಿಗಿಡ ದಾಟಿ ಮೂರು ನಿಮಿಷ ಮುಂದೆ ಹೋದರೆ ಕಾಲುವೆಯ ಸೇತುವೆ ಬರುತ್ತದೆ. ನಮ್ಮ ಕಡೆ ಪೂಲು ಅನ್ನುತ್ತೇವೆ. ಪೂಲಿನಿಂದ ಅವಳ ಮನೆ ಕೂಗಳತೆ. ಅಕ್ಕನ ಮೊಣಕಾಲು ನೋಯುತ್ತಿತ್ತು. ಹಾಗಾಗಿ ಟಿಕೆಟನ್ನು ಬನ್ನಿಗಿಡಕ್ಕೆ ಕೊಟ್ಟು ಅವಳನ್ನು ಪೂಲಿನ ಹತ್ತಿರ ಇಳಿಸುತ್ತಿದ್ದೆ. ಪೂಲು ಸ್ಟಾಪಲ್ಲ. ಅಲ್ಲಿ ನಿಲ್ಲಿಸಬಾರದು, ಯಾರಾದರೂ ಬರೆದುಕೊಟ್ಟರೆ ನನಗೆ ನೋಟೀಸು ಬರುತ್ತಿತ್ತು. ಆದರೆ ಹಳ್ಳಿಯ ಕಂಡಕ್ಟರುಗಳೆಲ್ಲ ಮಾಡುವುದೇ ಹೀಗೆ. ಬಾಣಂತಿ, ಮುದುಕರು, ನೆಂಟರು ಅಂದರೆ ಮನೆಯ ಬಾಗಿಲಿಗೇ ಇಳಿಸುತ್ತೇವೆ. ಡ್ರೈವರ್ ಬಾಳಣ್ಣ ಹಿರಿಯ ಮನುಷ್ಯ, ನಾನು "ಹೋಲ್ಡಾನ್" ಅನ್ನುವ ಮೊದಲೇ ಪೂಲಿನ ಹತ್ತಿರ ಬ್ರೇಕು ಒತ್ತುತ್ತಿದ್ದ.

ಆ ಗುರುವಾರವೂ ಅಕ್ಕ ಬಂದಿದ್ದಳು. ಮಧ್ಯಾಹ್ನ ಮೂರರ ಬಸ್ಸು, ಬಿಸಿಲು ಬಹಳ ಇತ್ತು. ಅಂದು ದಾರಿಯಲ್ಲಿ ಚೆಕಿಂಗ್ ಸಾಹೇಬರು ಹತ್ತಿ ಟಿಕೆಟ್ ತಪಾಸಣೆ ಮಾಡಿದರು. ನನಗೆ ನೆನಪಿರುವಂತೆ ಅವರು ಬನ್ನಿಗಿಡದಲ್ಲಿಯೇ ಇಳಿದುಹೋದರು. ಮುಂದೆ ಪೂಲು ಬಂತು, ಬಸ್ಸು ನಿಂತಿತು, ಅಕ್ಕ ಇಳಿದಳು. ಇಳಿದವಳ ಬಲಗಾಲಿನ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತು ಬಂತು. ಬಗ್ಗಿ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಕ್ಕಳು. "ನಿಂದ್ರ ಅಕ್ಕಾ, ಪಿನ್ನ ಐತಿ ನನ್ನ ಕಡೆ" ಎಂದು ನಾನು ಚೀಲಕ್ಕೆ ಕೈ ಹಾಕಿದೆ. "ಹೋಗ ಹೋಗ, ನಿನ್ನ ಬಸ್ಸಿಗೆ ಹೊತ್ತಾಗತೈತಿ. ನಾ ಬರಿಗಾಲಲೆ ಹೋಗ್ತೇನಿ, ಇಲ್ಲೇ ಐತಲ್ಲ ಮನಿ" ಅಂದಳು. ಎಂದೂ ಇಳಿದವಳು ಹೊರಳಿ ನೋಡುತ್ತಿರಲಿಲ್ಲ, ಸರಸರ ಕಾಲುವೆಯ ಏರಿ ಹಿಡಿದುಬಿಡುತ್ತಿದ್ದಳು. ಅವತ್ತು ಹಣೆಗೆ ಕೈ ಅಡ್ಡ ಹಿಡಿದು ನಿಂತು, ಬಸ್ಸು ಹೋಗುವವರೆಗೆ ನನ್ನನ್ನೇ ನೋಡಿದಳು. ನಾನೂ ಬಾಗಿಲಲ್ಲಿ ನಿಂತು ನೋಡಿದೆ.

ರಾತ್ರಿ ಎಂಟಕ್ಕೆ ಮಾಮಾ ಫೋನು ಮಾಡಿದ. "ನಿಮ್ಮಕ್ಕ ನಿಮ್ಮ ಮನ್ಯಾಗ ಉಳದಾಳೇನವಾ?" ಪೂಲಿನ ಹತ್ತಿರ ಇಳಿಸಿದೆ, ಚಪ್ಪಲಿ ಕಿತ್ತಿತ್ತು, ಬರಿಗಾಲಲ್ಲಿ ಹೋದಳು ಎಂದು ಹೇಳಿದೆ. ಅವರೆಲ್ಲ ಬ್ಯಾಟರಿ ಹಿಡಿದು ಪೂಲಿನ ಆಸುಪಾಸು, ಕಾಲುವೆಯ ಏರಿ ಎಲ್ಲ ಹುಡುಕಿದರು. ಬೆಳಗಿನ ಜಾವಕ್ಕೇ ನಾನು ಹೋದೆ. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಪೂಲು, ಉಂಗುಟ, ಕೈಯಲ್ಲಿ ಚಪ್ಪಲಿ, ಎಲ್ಲವನ್ನೂ ಬರೆಸಿ ಸಹಿ ಮಾಡಿದೆ. ಅವತ್ತು ಮಧ್ಯಾಹ್ನ ಅಕ್ಕ ಸಿಕ್ಕಳು. ಪೂಲಿನ ಹತ್ತಿರವಲ್ಲ, ಬನ್ನಿಗಿಡದ ಚಕ್ಕಡಿ ದಾರಿಯ ಪಕ್ಕದ ಕಬ್ಬಿನಲ್ಲಿ. ಹೇಗಿದ್ದಳು ಎಂದು ನಾನು ಬರೆಯುವುದಿಲ್ಲ. ನನ್ನನ್ನು ಹೆತ್ತವಳಂತೆ ಸಾಕಿದವಳು.

ಆಮೇಲೆ ಗೊತ್ತಾಯಿತು, ಇವಳು ಮೂರನೆಯವಳು. ಎಂಟು ತಿಂಗಳ ಹಿಂದೆ ಹುಕ್ಕೇರಿ ತಾಲೂಕಿನಲ್ಲಿ ಒಬ್ಬಾಕೆ, ನಾಲ್ಕು ತಿಂಗಳ ಹಿಂದೆ ಕೊಣ್ಣೂರಿನ ಆಚೆ ಒಬ್ಬಾಕೆ ಇದೇ ರೀತಿ ಕಬ್ಬಿನಲ್ಲಿ ಸಿಕ್ಕಿದ್ದರಂತೆ. ಬೇರೆ ಬೇರೆ ತಾಲೂಕು, ಬೇರೆ ಬೇರೆ ಠಾಣೆ, ಯಾರೂ ಮೂರನ್ನೂ ಜೋಡಿಸಿ ನೋಡಿರಲಿಲ್ಲ. ಟಿವಿಯಲ್ಲಿ ಕೂತವರು ಮಾತಾಡುವುದಕ್ಕೆ ಹತ್ತಿದರು. ಇಂಥವರು ಹೆಂಗಸನ್ನು ಆರಿಸುವುದಿಲ್ಲ, ಜಾಗವನ್ನು ಆರಿಸುತ್ತಾರೆ, ಆ ಜಾಗಕ್ಕೆ ಯಾರು ಬಂದರೂ ಅವರ ಗತಿ ಅದೇ, ಎಂದು ಒಬ್ಬರು ಹೇಳಿದರು. ನಾನು ಆಗ ಒಲೆಯ ಮುಂದೆ ಇದ್ದೆ. ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು.

ನಿಮಗೆ ಅರ್ಥವಾಯಿತಲ್ಲ? ಕೊಂದವನು ಅವಳನ್ನು ಪೂಲಿನ ಹತ್ತಿರ ಹಿಡಿದು ಬನ್ನಿಗಿಡದ ಕಬ್ಬಿಗೆ ಒಯ್ದಿದ್ದಾನೆ ಎಂದೇ ನಾನು ತಿಳಿದಿದ್ದೆ. ಅವನು ಪೂಲನ್ನು ಆರಿಸಿಕೊಂಡು ಕೂತಿದ್ದರೆ, ಅಕ್ಕನನ್ನು ಅವನ ಕೈಗೆ ಕೊಟ್ಟವಳು ನಾನು. ಕಾಯಿದೆಯಂತೆ ಬನ್ನಿಗಿಡದಲ್ಲಿ ಇಳಿಸಿದ್ದರೆ ಮೊಣಕಾಲು ನೋವಿನಿಂದ ಕುಂಟುತ್ತ ಮನೆ ಮುಟ್ಟುತ್ತಿದ್ದಳು. ಅವನು ಅಕ್ಕನನ್ನೇ ಆರಿಸಿಕೊಂಡಿದ್ದರೆ ಎಲ್ಲಿ ಇಳಿಸಿದ್ದರೂ ಬಿಡುತ್ತಿರಲಿಲ್ಲ, ನನ್ನ ತಪ್ಪಿಲ್ಲ. ಈ ಎರಡರ ನಡುವೆ ನಾನು ಜೋಕಾಲಿ ಆಡಿದಂತೆ ಆಡಿದೆ. ಮಾಮಾ ಒಂದು ದಿನ ಕೂಡ "ನೀ ಅಲ್ಲಿ ಯಾಕ ಇಳಿಸಿದಿ?" ಎಂದು ಕೇಳಲಿಲ್ಲ. ಕೇಳಿ ಎರಡು ಬೈದಿದ್ದರೆ ಚಲೋ ಇತ್ತು ಅನ್ನಿಸುತ್ತಿತ್ತು.

ಮೂರು ವಾರಕ್ಕೆ ಅವನು ಸಿಕ್ಕ. ಮೂವತ್ತೈದರ ಮನುಷ್ಯ. ನೋಡಿದರೆ ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸುತ್ತ ಇನ್ನಷ್ಟು ಹಾಕಲೇನ್ರಿ ಎಂದು ಕೇಳುವಂಥವನು. ನನ್ನ ಬಸ್ಸಿನಲ್ಲಿಯೂ ಎಷ್ಟೋ ಸಲ ಅಡ್ಡಾಡಿದ್ದ, ನಾನೇ ಟಿಕೆಟ್ ಕೊಟ್ಟಿದ್ದೆ. ತನಿಖೆಯ ಸಾಹೇಬರು ನನ್ನನ್ನು ಠಾಣೆಗೆ ಕರೆಸಿದರು. ಗಂಭೀರ ಮನುಷ್ಯ, ದನಿ ಎತ್ತಿ ಮಾತಾಡುವವರಲ್ಲ. ಮೇಜಿನ ಮೇಲೆ ನಕಾಶೆ ಹಾಸಿತ್ತು. ಮೂರು ತಾಲೂಕಿನಲ್ಲಿ ಮೂರು ಕೆಂಪು ಚುಕ್ಕೆ. ನಾನು ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟೆ.

"ಸಾಹೇಬ್ರ, ಅವ ಜಾಗಾ ಆರಿಸಿದ್ನೋ, ನಮ್ಮಕ್ಕನ್ನ ಆರಿಸಿದ್ನೋ?"

"ಜಾಗಾರಿ ಬಾಯಾರ" ಅಂದರು ಅವರು. "ಮೂರೂ ಕಡೆ ಒಂದ ನಮೂನಿ. ಒಬ್ಬರೋ ಇಬ್ಬರೋ ಇಳಿಯೂ ಸ್ಟಾಪು. ಕುಂದ್ರಾಕ ಶೆಡ್ಡ ಐತಿ, ಕುಂತ್ರ ಯಾರಿಗೂ ಸಂಶೆ ಬರಂಗಿಲ್ಲ. ಬಾಜೂಕ ಎತ್ತರ ಕಬ್ಬು, ನಡುವ ಚಕ್ಕಡಿ ದಾರಿ. ಒಂದೊಂದು ಒಂದೊಂದು ತಾಲೂಕಿನ್ಯಾಗ, ಅದನ್ನೂ ವಿಚಾರ ಮಾಡೇ ಮಾಡ್ಯಾನ. ನಿಮ್ಮಕ್ಕ ಯಾರಂತ ಅವಗ ಗೊತ್ತಿದ್ದಿಲ್ಲ."

ನಾನು ಗೋಡೆಗೆ ಒರಗಿದೆ. ಅಂದರೆ ನಾನೇ. ಹಾಗೆಂದುಕೊಂಡು ಕಣ್ಣು ಮುಚ್ಚಿದೆ. ಸಾಹೇಬರು ನೀರು ತರಿಸಿಕೊಟ್ಟು ಹೇಳಿದರು. "ಆದ್ರ ನಿಮ್ಮ ಹೇಳಿಕಿ ಕೂಡವಲ್ತು. ಪೂಲಿನ ಮ್ಯಾಲ ಹಗಲೆಲ್ಲಾ ಅರಬಿ ಒಗ್ಯಾವ್ರು, ಎಮ್ಮಿ ಮೈ ತೊಳ್ಯಾವ್ರು ಇರತಾರ. ಅಂಥಾ ಜಾಗಾ ಅವ ಆರಿಸಂಗಿಲ್ಲ, ಆರಿಸೂ ಇಲ್ಲ. ಅವ ಕುಂತಿದ್ದು ಬನ್ನಿಗಿಡದಾಗ. ನಿಮ್ಮಕ್ಕ ಇಳದದ್ದೂ ಬನ್ನಿಗಿಡದಾಗ."

ಸುಳ್ಳು ಎಂದು ನಾನು ಎದ್ದು ನಿಂತೆ. ಬಾಯಿಗೆ ಬಂದಂತೆ ಮಾತಾಡಿದೆ. ನಾನು ಬಾಗಿಲಲ್ಲಿ ನಿಂತು ಇಳಿಸಿದ್ದೇನೆ, ಕೊಲೆಗಾರನ ಮಾತು ಹಿಡಿದು ನನಗೆ ಹೇಳುತ್ತೀರಾ ಎಂದೆ. ಸಾಹೇಬರು ಬೈಯಲಿಲ್ಲ. ಹೊರಗಿದ್ದ ದುರಗಪ್ಪಜ್ಜನನ್ನು ಒಳಗೆ ಕರೆಸಿದರು. ಬನ್ನಿಗಿಡದ ಹತ್ತಿರದ ವಸ್ತಿಯ ಮುದುಕ ಅವನು, ಆ ದಿನ ನನ್ನ ಬಸ್ಸಿನಲ್ಲಿಯೇ ಬಂದಿದ್ದ. ಅಜ್ಜ ನನ್ನ ಮುಖ ನೋಡದೆ, ನೆಲ ನೋಡುತ್ತ ಹೇಳಿದ.

"ನನ್ನ ಹಿಂದ ಇಳದ್ಲಬೇ ಯವ್ವಾ ನಿಮ್ಮಕ್ಕ. ನಿನಗ ಪೂಲ ಸಮೀಪ ಅಲ್ಲೇನ ಗೌರವ್ವಾ, ಇಲ್ಲ್ಯಾಕ ಇಳದಿ ಅಂತ ನಾನ ಕೇಳಿದ್ನಿ. ಇವತ್ತ ಬಸ್ಸಿನಾಗ ಚೆಕಿಂಗ ಸಾಹೇಬ್ರ ಅದಾರ ಅಜ್ಜಾ, ನನ್ನ ಸಲುವಾಗಿ ಪೂಲಿನ್ಯಾಗ ನಿಂದ್ರಿಸಿದ್ರ ತಂಗಿ ನೌಕರಿಗೆ ತ್ರಾಸ ಅಕ್ಕೈತಿ, ಆಕೀಗೆ ಹೇಳಿದ್ರ ಇಳಿಗೊಡಂಗಿಲ್ಲ, ಅದಕ್ಕ ಸುಮ್ನ ಇಳದ ಬಂದ್ನಿ ಅಂದ್ಲು. ನಾ ನಮ್ಮ ವಸ್ತಿ ಕಡೆ ಹೊಳ್ಳಿದ್ನಿ. ಆಕಿ ಚಪ್ಪಲ ಮೆಟಗೊಂಡು ಚಕ್ಕಡಿ ದಾರಿ ಹಿಡದು ಹೋದ್ಲು."

ನಾನು ಠಾಣೆಯಿಂದ ನೇರ ಬಾಳಣ್ಣನ ಮನೆಗೆ ಹೋದೆ. ಅವನಾದರೂ ಪೂಲು ಅನ್ನುತ್ತಾನೆ ಎಂಬ ಆಸೆ. ಬಾಳಣ್ಣ ನನಗೆ ಒಂದು ಲೋಟ ಚಹಾ ಕೊಟ್ಟು, "ತಂಗೀ, ಅವತ್ತ ಪೂಲಿನ್ಯಾಗ ನಾ ಬ್ರೇಕ ಮುಟ್ಟಿಲ್ಲ. ಚೆಕಿಂಗ ಸಾಹೇಬ್ರು ಕುಲಗೋಡತನಾ ಇದ್ರು. ನೀ ಹಿಂದ ಅವರ ಕೂಡ ಟಿಕೀಟ ತಾಳೆ ನೋಡಾಕತ್ತಿದ್ದಿ. ನಾ ನಿನಗ ಆವಾಗ ಹೇಳಬೇಕಿತ್ತು, ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ" ಅಂದ. ಅವನೊಂದಿಗೂ ಜಗಳ ಮಾಡಿದೆ. ಮರುದಿನ ಡಿಪೊದಲ್ಲಿ ಅಂದಿನ ಟ್ರಿಪ್ಪಿನ ಕಾಗದ ತೆಗೆಸಿ ನೋಡಿದೆ. ಚೆಕಿಂಗ್ ಸಾಹೇಬರು ಕುಲಗೋಡದಲ್ಲಿ ಇಳಿದದ್ದು ಎಂದು ಬರೆದು ಅವರು ಸಹಿ ಮಾಡಿದ್ದರು. ಪಕ್ಕದಲ್ಲಿ ನನ್ನ ಸಹಿಯೂ ಇತ್ತು. ನನ್ನದೇ ಅಕ್ಷರ.

ಇಷ್ಟೇ ಆಗಿದ್ದರೆ ನಾನೇ ಒಪ್ಪಿಕೊಂಡುಬಿಡುತ್ತಿದ್ದೆ. ಪ್ರತಿ ಗುರುವಾರ ಪೂಲಿನಲ್ಲಿ ಇಳಿಸಿ ಇಳಿಸಿ, ಯಾವುದೋ ವಾರದ್ದನ್ನು ಆ ದಿನದ್ದೆಂದು ಮನಸ್ಸು ಹಿಡಿದುಕೊಂಡಿದೆ ಎಂದು. ತಲೆ ಇದ್ದವರು ಯಾರಾದರೂ ಹೀಗೇ ಹೇಳುತ್ತಾರೆ, ಬೇರೆಯವರಿಗೆ ಆಗಿದ್ದರೆ ನಾನೂ ಹೀಗೇ ಹೇಳಿ ನಗುತ್ತಿದ್ದೆ. ಆದರೆ ಠಾಣೆಯ ಸಾಹೇಬರು ಎರಡನೆಯ ಸಲ ಕರೆಸಿದಾಗ ನನ್ನ ಹಳೆಯ ಹೇಳಿಕೆಯನ್ನು ಮುಂದೆ ಇಟ್ಟುಕೊಂಡಿದ್ದರು. ಅದರಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಎಳೆದಿದ್ದರು.

"ಬಲಗಾಲಿನ ಚಪ್ಪಲಿ ಉಂಗುಟ ಕಿತ್ತಿತ್ತು, ಎರಡೂ ಚಪ್ಪಲಿ ಕೈಯಾಗ ಹಿಡಕೊಂಡಿದ್ಲು ಅಂತ ನೀವ ಬರಸೀರಿ. ಶುಕ್ರವಾರ ಮುಂಜಾನೆ ಒಂಬತ್ತಕ್ಕ. ಹೆಣ ಸಿಕ್ಕಿದ್ದು ಮಧ್ಯಾಹ್ನ. ಬಲಗಾಲಿನ ಚಪ್ಪಲಿ ಉಂಗುಟ ಖರೇನ ಕಿತ್ತಿತ್ತು" ಎಂದು ಆ ಗೆರೆಯ ಮೇಲೆ ಬೆರಳಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ಅವ ಏನ ಹೇಳ್ಯಾನ ಗೊತ್ತೈತೇನ್ರಿ? ಚಕ್ಕಡಿ ದಾರ್ಯಾಗ ಆಕಿ ಉಂಗುಟ ಕಿತ್ತ ಬಂತಂತ. ಚಪ್ಪಲಿ ಕೈಗೆ ತಗೊಳ್ಳಾಕ ನಿಂತಾಗನ ಅವ ಹತ್ರ ಹೋಗ್ಯಾನ. ಇಳದು ಮೂರು ನಾಕು ನಿಮಿಷ ಆಗಿತ್ತು, ಬಸ್ಸಿನ ಸಪ್ಪಳ ಇನ್ನೂ ಕೇಳತಿತ್ತು ಅಂದಾನ. ಬಸ್ಸಿನಾಗಿದ್ದ ನಿಮಗ ಇದು ಹೆಂಗ ಗೊತ್ತಾತು?"

ನನ್ನ ಮೇಲೆಯೇ ಸಂಶಯಪಡಬೇಕಾದ ಮಾತು ಅದು. ನಲವತ್ತು ಮಂದಿಯ ಕಣ್ಣೆದುರು ನಾನು ಬಸ್ಸಿನಲ್ಲಿದ್ದೆ, ಹಾಗಾಗಿ ಬಚಾವಾದೆ. ಸಾಹೇಬರು ಹೇಳಿಕೆಯ ಹಾಳೆ ಮಡಚಿ, "ಇದನ್ನ ನಾ ಎಲ್ಲೂ ಬರಿಯಾಕ ಬರಂಗಿಲ್ಲ. ನೀವೂ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಎದ್ದುಬಿಟ್ಟರು.

ಲೆಕ್ಕ ಹಾಕಿ ನೋಡಿ. ಬನ್ನಿಗಿಡದಿಂದ ಪೂಲಿಗೆ ಬಸ್ಸಿನಲ್ಲಿ ಮೂರು ನಿಮಿಷದ ದಾರಿ. ಅಕ್ಕ ಆ ಕಬ್ಬಿನ ನಡುವೆ ಚಪ್ಪಲಿ ಕೈಗೆತ್ತಿಕೊಂಡ ಹೊತ್ತಿಗೆ ನಮ್ಮ ಬಸ್ಸು ಪೂಲಿನ ಮೇಲೆ ಇತ್ತು. ಆ ಹೊತ್ತಿಗೆ ನಾನು ಬಸ್ಸಿನ ಹಿಂಭಾಗದಲ್ಲಿ ಚೆಕಿಂಗ್ ಸಾಹೇಬರ ಜೊತೆ ಟಿಕೆಟ್ ನೋಡುತ್ತಿದ್ದೆನಂತೆ. ಆದರೆ ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ. ಅವಳ ಸೀರೆಯ ನೆರಿಗೆಗೆ ಹತ್ತಿದ್ದ ಧೂಳು ಕೂಡ ನನಗೆ ಕಂಡಿತ್ತು.

ಒಬ್ಬ ಡಾಕ್ಟರರನ್ನು ಕೇಳಿದೆ. ದುಃಖದಲ್ಲಿ ಮನಸ್ಸು ಏನೇನೋ ಹೆಣೆಯುತ್ತದೆ ಎಂದರು. ಸರಿ, ಆದರೆ ಮಾಮಾನಿಗೆ ಫೋನಿನಲ್ಲಿ ಚಪ್ಪಲಿಯ ಮಾತು ಹೇಳಿದಾಗ ನನಗೆ ಇನ್ನೂ ದುಃಖವೇ ಇರಲಿಲ್ಲವಲ್ಲ? ಚಪ್ಪಲಿ ಮೊದಲೇ ಸಡಿಲಾಗಿದ್ದುದನ್ನು ಬಸ್ಸಿನಲ್ಲಿ ನೀವು ನೋಡಿರಬಹುದು ಎಂದರು. ನೋಡಿರಬಹುದು, ನನಗೆ ನೆನಪಿಲ್ಲ. ಸಡಿಲಾದದ್ದನ್ನು ನೋಡುವುದು ಬೇರೆ, ಕಿತ್ತದ್ದನ್ನು ನೋಡುವುದು ಬೇರೆ. ಡಾಕ್ಟರರು ನಿದ್ದೆಯ ಗುಳಿಗೆ ಬರೆದುಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ, ಕಣ್ಣು ಮುಚ್ಚಿದರೆ ಅವಳು ಕಾಣುತ್ತಿದ್ದಳು.

ಹೌದು, ಆಗೆಲ್ಲ ಕಾಣುತ್ತಿದ್ದಳು. ದಿನವೂ ಅದೇ ದಾರಿಯ ಡ್ಯೂಟಿ ಬೇಡಿ ಹಾಕಿಸಿಕೊಂಡೆ. ಎಲ್ಲರೂ ಬೇಡ ಅಂದರು. ಬಸ್ಸು ಪೂಲು ದಾಟುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬರಿಯ ಅರಿವೆ ಒಗೆಯುವ ಹೆಂಗಸರು, ಎಮ್ಮೆಗಳು. ದೆವ್ವವಾದರೂ ಆಗಿ ಬಾರೇ ಅಕ್ಕಾ, ಟಿಕೀಟು ಕೇಳಂಗಿಲ್ಲ ನಿನಗ, ಎಂದು ಮನಸ್ಸಿನಲ್ಲಿ ಎಷ್ಟು ಸಲ ಕರೆದಿದ್ದೇನೋ. ನಂಬದವಳು ಹೀಗೆ ಕರೆಯುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಅವಳು ಬರಲಿಲ್ಲ. ಮನೆಗೆ ಬಂದು ಕಣ್ಣು ಮುಚ್ಚಿದರೆ ಮಾತ್ರ ಪೂಲಿನ ಬಿಸಿಲು, ಹಣೆಗೆ ಅಡ್ಡ ಹಿಡಿದ ಕೈ, ಆ ನಗು. ನಿನ್ನ ಬಸ್ಸಿಗೆ ಹೊತ್ತಾಗತೈತಿ ಎಂಬ ಮಾತು.

ಜನ ಹೇಳಿದ್ದನ್ನು ಒಪ್ಪಿದರೆ ನನಗೆ ಬಿಡುಗಡೆ ಇತ್ತು, ಅದು ನನಗೂ ಗೊತ್ತಿತ್ತು. ಅವನು ಬನ್ನಿಗಿಡವನ್ನು ಆರಿಸಿದ್ದ, ಪೂಲನ್ನಲ್ಲ. ಪೂಲಿನಲ್ಲಿ ಇಳಿಸುತ್ತಿದ್ದ ನನ್ನ ತಪ್ಪೇ ಅಷ್ಟು ದಿನ ಅವಳನ್ನು ಕಾಪಾಡಿತ್ತು. ಆದರೆ ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತಿತ್ತು. ನಾನು ಟಿಕೆಟ್ ನೋಡುತ್ತ ಬೆನ್ನು ತಿರುಗಿಸಿದ್ದಾಗ ಅವಳು ಸದ್ದಿಲ್ಲದೆ ಇಳಿದುಹೋದಳು, ನಾನು ನೋಡಲಿಲ್ಲ, ನಮ್ಮ ನಡುವೆ ಕೊನೆಯ ಮಾತು ಎಂಬುದೇ ಆಗಲಿಲ್ಲ ಎಂದು. ತಪ್ಪು ಬೇಕಾದರೆ ನನ್ನ ತಲೆಯ ಮೇಲಿರಲಿ, ಆ ಕೊನೆಯ ನೋಟ ಮಾತ್ರ ನನಗಿರಲಿ ಎಂದು ನಾನು ಹಟ ಹಿಡಿದಿದ್ದೆ.

ಕೇಸು ಕೋರ್ಟಿಗೆ ಬಂತು. ಸರಕಾರದ ಪರವಾಗಿ ವಾದಿಸುವ ವಕೀಲರು ಒಬ್ಬ ಹೆಣ್ಣುಮಗಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀವು ಪೂಲ ಅಂದ್ರ ಅವನ ವಕೀಲರಿಗೆ ಅಷ್ಟ ಸಾಕು. ಕಂಡಕ್ಟರ ಒಂದ ಜಾಗಾ ಹೇಳತಾಳ, ಉಳದಾವ್ರು ಒಂದ ಹೇಳತಾರ, ಯಾವುದು ಖರೆ ಅಂತಾರ. ಅಜ್ಜನ ಸಾಕ್ಷಿನೂ ಅಲುಗತೈತಿ. ಸುಳ್ಳ ಹೇಳ್ರಿ ಅಂತ ನಾ ನಿಮಗ ಅನ್ನಂಗಿಲ್ಲ. ಎಲ್ಲಿ ಇಳದ್ಲು ಅನ್ನೂದನ್ನ ನೀವ ವಿಚಾರ ಮಾಡ್ರಿ" ಎಂದರು.

ಸಾಕ್ಷಿ ಹೇಳುವ ಹಿಂದಿನ ದಿನ ಮಾಮಾನ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ, ಚಪ್ಪಲಿಯ ಮಾತನ್ನೂ. ಅವನು ಬೆರಗಾಗಲಿಲ್ಲ, ನಂಬಲಿಲ್ಲ ಎಂದೂ ಹೇಳಲಿಲ್ಲ. ದನಕ್ಕೆ ಮೇವು ಹಾಕಿ ಬಂದು ಕಟ್ಟೆಯ ಮೇಲೆ ಕೂತು ಹೇಳಿದ. "ನಿನ್ನ ಮುಂದರ ಬಂದು ಹೇಳಿ ಹೋಗ್ಯಾಳಲ್ಲವಾ. ನನಗ ಅಷ್ಟೂ ಇಲ್ಲ." ಕೈಗೆ ಹತ್ತಿದ್ದ ಮೇವಿನ ಕಸ ಒರೆಸಿಕೊಳ್ಳುತ್ತ, "ಅವ ಹೊರಗ ಬಂದ್ರ ಮತ್ತೊಂದು ಜಾಗಾ ನೋಡ್ತಾನ. ಅಲ್ಲಿ ಯಾರ ಅಕ್ಕ ಇಳೀತಾಳೋ" ಅಂದ. ನಾನು ಅಲ್ಲಿಂದ ಎದ್ದು ಬಂದೆ.

ಸಾಕ್ಷಿಕಟ್ಟೆಯಲ್ಲಿ ನಿಂತಾಗ ನಾನು ಆ ಕೊಲೆಗಾರನ ಕಡೆ ನೋಡಲಿಲ್ಲ. ಪ್ರಮಾಣ ಮಾಡಿಸಿದರು. ಹೆಸರು, ಕೆಲಸ, ಬಸ್ಸಿನ ವೇಳೆ ಎಲ್ಲ ಆಯಿತು. ಆಮೇಲೆ ವಕೀಲರು ಕೇಳಿದರು, ನಿಮ್ಮ ಅಕ್ಕ ಎಲ್ಲಿ ಇಳಿದರು? ನನ್ನ ಕಣ್ಣ ಮುಂದೆ ಪೂಲು ಇತ್ತು. ಅಕ್ಕ ಬರಿಗಾಲಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಅಷ್ಟು ನಿಚ್ಚಳವಾಗಿ ಅವಳು ಹಿಂದೆಂದೂ ಕಂಡಿರಲಿಲ್ಲ. ನ್ಯಾಯಾಧೀಶರು ಜೋರಾಗಿ ಹೇಳಿ ಎಂದರು.

"ಬನ್ನಿಗಿಡದಾಗ ಇಳದ್ಲ್ರಿ" ಎಂದೆ. ಬೆರಳಚ್ಚಿನವರು ಅದನ್ನು ಟೈಪು ಮಾಡಿದರು.

ಅವನಿಗೆ ಶಿಕ್ಷೆಯಾಯಿತು. ನೀನು ಸರಿ ಮಾಡಿದೆ ಎಂದು ಎಲ್ಲರೂ ಹೇಳಿದರು, ನನಗೂ ಗೊತ್ತು, ಸರಿಯೇ ಮಾಡಿದೆ. ಆ ಮಧ್ಯಾಹ್ನ ಪೂಲಿನ ಹತ್ತಿರ ನಾನು ಕಂಡದ್ದೇನು ಎಂಬುದು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ದೆವ್ವವನ್ನು ಈಗಲೂ ನಂಬುವುದಿಲ್ಲ, ಕಂಡಿಲ್ಲ ಎನ್ನಲೂ ಬಾಯಿ ಬರುವುದಿಲ್ಲ. ನಿಮಗೆ ಏನಾದರೂ ತಿಳಿದರೆ ತಿಳಿಯಲಿ.

ಕೋರ್ಟಿನಿಂದ ಬಂದ ರಾತ್ರಿ ಕಣ್ಣು ಮುಚ್ಚಿದೆ. ಪೂಲು ಕಂಡಿತು, ಬಿಸಿಲು ಕಂಡಿತು, ಅಕ್ಕ ಇರಲಿಲ್ಲ. ಅಂದಿನಿಂದ ಇವತ್ತಿನವರೆಗೆ ಒಂದು ಸಲವೂ ಬಂದಿಲ್ಲ. ನನಗೆ ತ್ರಾಸಾಗಬಾರದೆಂದು ಹೇಳದೆ ಇಳಿದುಹೋದವಳು, ಹೇಗೋ ಏನೋ, ಪೂಲಿನವರೆಗೆ ಬಂದು ನನಗೆ ಹೇಳಿ ಹೋಗಿದ್ದಳು. ಅವಳನ್ನು ಮತ್ತೆ ಬನ್ನಿಗಿಡದಲ್ಲಿ ಇಳಿಸಿ ಬಂದವಳು ನಾನು.